5 ವೋಲ್ಟ್ ಬೋರ್ಡಿಗೂ 3.3 ವೋಲ್ಟ್ ಬೋರ್ಡಿಗೂ ಹೊಂದಾಣಿಕೆ ಆಗದಿದ್ದಾಗ: ಲೆವೆಲ್ ಶಿಫ್ಟರ್ ದೋಷ ಹುಡುಕುವ ಬಗೆ

5 ವೋಲ್ಟಿನ ಆರ್ಡುಯಿನೊ ಯುನೊ ಬೋರ್ಡಿನಿಂದ 3.3 ವೋಲ್ಟಿನ ಇಎಸ್‌ಪಿ32 ಬೋರ್ಡಿಗೆ ಸೀರಿಯಲ್ ತಂತಿ ಎಳೆದಿದ್ದೀರಿ, ಪರದೆಯ ಮೇಲೆ ಕಸದಂಥ ಅಕ್ಷರಗಳು ಬರುತ್ತಿವೆ. ಎಲ್‌ಸಿಡಿ ಬೆಳಗ್ಗೆ ಸರಿಯಾಗಿ ಓಡಿತ್ತು, ಮಧ್ಯಾಹ್ನ ಕೈಕೊಟ್ಟಿತು. ಎಲ್‌ಇಡಿ ಪಟ್ಟಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಚೆನ್ನಾಗಿ ಉರಿಯುತ್ತದೆ, ಒಳ್ಳೆಯ ಅಡಾಪ್ಟರ್ ಹಾಕಿದರೆ ಮಿಣುಕುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೋಡ್ ತಿದ್ದುತ್ತಾರೆ, ಆಮೇಲೆ ಲೈಬ್ರರಿ ಬದಲಿಸುತ್ತಾರೆ, ಅದೂ ಆಗದಿದ್ದರೆ ಹೊಸ ಬೋರ್ಡ್ ತರುತ್ತಾರೆ. ಮೀಟರ್ ಕೈಗೆ ಬರುವುದು ಎಲ್ಲ ಮುಗಿದ ಮೇಲೆ. ಇಲ್ಲಿ ಕೊಟ್ಟಿರುವ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ನಾಲ್ಕು ಅಂಕಿ ಬರೆದುಕೊಳ್ಳಿ, ಆಮೇಲೆ ಮೀಟರ್ ಹಿಡಿದು ಒಂದೊಂದೇ ಜಾಗ ಅಳೆಯಿರಿ, ಬಿಡಿಭಾಗ ಬದಲಿಸುವ ಮಾತು ಅದಾದ ಮೇಲೆ. ಒಂದು ಬೋರ್ಡಿನ ಸಿಗ್ನಲ್ ವೋಲ್ಟೇಜನ್ನು ಇನ್ನೊಂದಕ್ಕೆ ಒಗ್ಗುವಂತೆ ಏರಿಸುವ, ಇಳಿಸುವ ಭಾಗವೇ ಲೆವೆಲ್ ಶಿಫ್ಟರ್. ಕೆಟ್ಟ ಲೆವೆಲ್ ಶಿಫ್ಟಿಂಗ್ ಅಳತೆಯಲ್ಲಿ ತನ್ನ ಗುರುತನ್ನು ಬಿಟ್ಟೇ ಇರುತ್ತದೆ. 1.67 ವೋಲ್ಟ್ ಕಂಡರೆ ಒಂದು ಕಾರಣ, 3.8 ಕಂಡರೆ ಇನ್ನೊಂದು.

ಮೊದಲು ಆ ನಾಲ್ಕು ಅಂಕಿ

ಎರಡು ಚಿಪ್‌ಗಳ ನಡುವಿನ ಒಂದೊಂದು ತಂತಿಗೂ ನಾಲ್ಕು ಅಂಕಿ ಬೇಕು. ಕಳಿಸುವ ಕಡೆ ‘ಹೈ’ (ಅಂದರೆ 1) ಎಂದಾಗ ಎಷ್ಟು ವೋಲ್ಟ್ ಕೊಡುತ್ತದೆ, ‘ಲೋ’ (ಅಂದರೆ 0) ಎಂದಾಗ ಎಷ್ಟಕ್ಕೆ ಇಳಿಸುತ್ತದೆ. ಪಡೆಯುವ ಕಡೆ ಕನಿಷ್ಠ ಎಷ್ಟಿದ್ದರೆ ‘ಹೈ’ ಎಂದು ಒಪ್ಪುತ್ತದೆ, ಗರಿಷ್ಠ ಎಷ್ಟಿದ್ದರೆ ‘ಲೋ’ ಎಂದು ಒಪ್ಪುತ್ತದೆ. ಇವುಗಳ ಜೊತೆಗೆ ಪಡೆಯುವ ಪಿನ್ ತಡೆದುಕೊಳ್ಳಬಲ್ಲ ಗರಿಷ್ಠ ವೋಲ್ಟೇಜನ್ನೂ ಬರೆದಿಡಿ.

ಯುನೊದಲ್ಲಿರುವ ಎಟಿಮೆಗಾ328ಪಿ ಚಿಪ್ 5 ವೋಲ್ಟಿನಲ್ಲಿ ಓಡುವಾಗ ಸಾಮಾನ್ಯ ಡಿಜಿಟಲ್ ಪಿನ್‌ಗೆ ‘ಹೈ’ ಅನ್ನಿಸಬೇಕಾದರೆ ಸಪ್ಲೈನ 0.6 ಪಾಲು, ಅಂದರೆ 3.0 ವೋಲ್ಟ್ ಬೇಕು. ‘ಲೋ’ ಅನ್ನಿಸಲು 1.5ಕ್ಕಿಂತ ಕೆಳಗಿರಬೇಕು. ಅದೇ ಚಿಪ್ಪಿನ ಐ2ಸಿ (ಎರಡೇ ತಂತಿಯಲ್ಲಿ ಹಲವು ಚಿಪ್‌ಗಳು ಮಾತಾಡುವ ರೀತಿ) ಪಿನ್‌ಗಳಿಗೆ ನಿಯಮ ಬೇರೆ: ಅಲ್ಲಿ 0.7 ಪಾಲು, ಅಂದರೆ 3.5 ವೋಲ್ಟ್. ಈ ವ್ಯತ್ಯಾಸವನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಎಸ್‌ಪಿ32ಕ್ಕೆ 3.3 ವೋಲ್ಟ್ ಸಪ್ಲೈನ 0.75 ಪಾಲು, ಸುಮಾರು 2.48 ವೋಲ್ಟ್ ಇದ್ದರೆ ‘ಹೈ’, 0.83ಕ್ಕಿಂತ ಕಡಿಮೆಯಾದರೆ ‘ಲೋ’. ಪಿನ್ ಮೇಲೆ 3.6 ವೋಲ್ಟ್ ದಾಟಬಾರದು.

ಈಗ ಕೂಡಿಸಿ ಕಳೆಯಿರಿ. ಇಎಸ್‌ಪಿ32ದ 3.3 ವೋಲ್ಟ್ ಯುನೊದ ಸೀರಿಯಲ್ ಪಿನ್‌ಗೆ ನೇರವಾಗಿ ಹೋದರೆ ಕೈಯಲ್ಲಿ ಉಳಿಯುವುದು 0.3 ವೋಲ್ಟ್. ಕೆಲಸ ನಡೆಯುತ್ತದೆ, ಆದರೆ ಗ್ರೌಂಡಿನಲ್ಲಿ ಸ್ವಲ್ಪ ಏರುಪೇರಾದರೂ ಆ 0.3 ಮಾಯ. ಯುನೊದ 5 ವೋಲ್ಟ್ ಇಎಸ್‌ಪಿ32ಕ್ಕೆ ನೇರವಾಗಿ ಹೋದರೆ ಅದು ಮಿತಿಗಿಂತ 1.4 ವೋಲ್ಟ್ ಹೆಚ್ಚು. ‘ನನ್ನದು ಹಾಗೇ ಆರು ತಿಂಗಳಿಂದ ಓಡುತ್ತಿದೆ’ ಎನ್ನುವವರಿದ್ದಾರೆ. ಪಿನ್ನಿನ ಒಳಗಿನ ರಕ್ಷಣಾ ಭಾಗಗಳು ಆ ಭಾರವನ್ನು ಹೊತ್ತುಕೊಂಡಿವೆ ಅಷ್ಟೆ, ಅದನ್ನು ನೆಚ್ಚಿಕೊಂಡು ಇನ್ನೊಬ್ಬರಿಗೆ ಸಲಹೆ ಕೊಡುವುದು ಸರಿಯಲ್ಲ.

ಲ್ಯಾಪ್‌ಟಾಪಿನಲ್ಲಿ ಉರಿದು ಅಡಾಪ್ಟರಿನಲ್ಲಿ ಮಿಣುಕುವ ಎಲ್‌ಇಡಿ ಪಟ್ಟಿಯ ಗುಟ್ಟೂ ಇದೇ ಲೆಕ್ಕದಲ್ಲಿದೆ. ಡಬ್ಲ್ಯುಎಸ್2812ಬಿ ಎಲ್‌ಇಡಿಯ ಡೇಟಾ ಪಿನ್‌ಗೆ ಸಪ್ಲೈನ 0.7 ಪಾಲು ಬೇಕು. ತೆಳು ಯುಎಸ್‌ಬಿ ಕೇಬಲ್ಲಿನಲ್ಲಿ 5 ವೋಲ್ಟ್ 4.7ಕ್ಕೆ ಇಳಿದಿರುತ್ತದೆ, ಅದರ 0.7 ಪಾಲು 3.29, ಇಎಸ್‌ಪಿ32ದ 3.3 ಹೇಗೋ ದಾಟಿಬಿಡುತ್ತದೆ. ಒಳ್ಳೆಯ ಅಡಾಪ್ಟರ್ 5.1 ಕೊಟ್ಟರೆ ಬೇಕಾಗುವುದು 3.57. ಸಪ್ಲೈ ಚೆನ್ನಾದಷ್ಟೂ ಸಿಗ್ನಲ್ ಕಡಿಮೆ ಬೀಳುತ್ತದೆ. (ಇದೇ ಎಲ್‌ಇಡಿಯ ಕೆಲವು ಹೊಸ ಆವೃತ್ತಿಗಳು ಕಡಿಮೆ ವೋಲ್ಟೇಜಿಗೂ ಒಪ್ಪುತ್ತವೆ, ಆದ್ದರಿಂದ ಒಂದು ಪಟ್ಟಿ ಓಡಿತೆಂದು ಮುಂದಿನ ಪಟ್ಟಿಯೂ ಓಡೀತು ಎಂದುಕೊಳ್ಳಬೇಡಿ.)

ತಂತಿಯ ಸ್ವಭಾವ ತಿಳಿಯದೆ ಶಿಫ್ಟರ್ ಆರಿಸಬೇಡಿ

ಕೆಲವು ತಂತಿಗಳನ್ನು ಚಿಪ್ ಮೇಲಕ್ಕೂ ತಳ್ಳುತ್ತದೆ, ಕೆಳಕ್ಕೂ ಎಳೆಯುತ್ತದೆ. ಇದು ಪುಶ್-ಪುಲ್: ಸೀರಿಯಲ್, ಎಸ್‌ಪಿಐ (ಮೆಮೊರಿ ಕಾರ್ಡ್, ಪರದೆಗಳಿಗೆ ಬಳಸುವ ವೇಗದ ತಂತಿಗಳು), ಎಲ್‌ಇಡಿ ಪಟ್ಟಿಯ ಡೇಟಾ ಎಲ್ಲ ಇದರಲ್ಲಿ ಬರುತ್ತವೆ. ಐ2ಸಿಯ ಎರಡು ತಂತಿಗಳು ಹಾಗಲ್ಲ. ಅಲ್ಲಿ ಚಿಪ್ ಕೆಳಕ್ಕೆ ಮಾತ್ರ ಎಳೆಯುತ್ತದೆ, ಮೇಲಕ್ಕೆ ಏರಿಸುವುದು ಪುಲ್-ಅಪ್ ರೆಸಿಸ್ಟರ್. ಇದು ಓಪನ್ ಡ್ರೇನ್. ಇದರ ಜೊತೆಗೆ ಸಿಗ್ನಲ್ ಒಂದೇ ದಿಕ್ಕಿಗೆ ಹೋಗುತ್ತದೋ ಎರಡೂ ದಿಕ್ಕಿಗೋ ಎಂಬುದೂ ಮುಖ್ಯ.

3.3ರಿಂದ 5ಕ್ಕೆ ಒಂದೇ ದಿಕ್ಕು, ವೇಗವೂ ಬೇಕು ಎಂದಾದರೆ 74ಎಎಚ್‌ಸಿಟಿ125 ಅಥವಾ 74ಎಚ್‌ಸಿಟಿ245 ಬಫರ್ ಚಿಪ್ಪನ್ನು (ಬಂದ ಸಿಗ್ನಲ್ಲನ್ನು ತನ್ನ ಸಪ್ಲೈ ವೋಲ್ಟೇಜಿನಲ್ಲಿ ಮತ್ತೆ ಕಳಿಸುವ ಐಸಿ) 5 ವೋಲ್ಟ್ ಸಪ್ಲೈಗೆ ಹಾಕಿ. 5ರಿಂದ 3.3ಕ್ಕೆ ಒಂದೇ ದಿಕ್ಕಾದರೆ 3.3ಕ್ಕೆ ಜೋಡಿಸಿದ 74ಎಲ್‌ವಿಸಿ245; ನಿಧಾನದ ಸಿಗ್ನಲ್ಲಿಗೆ ಎರಡು ರೆಸಿಸ್ಟರ್ ಸಾಕು. ಐ2ಸಿಗೆ ಬಿಎಸ್‌ಎಸ್138 ಮಾಸ್ಫೆಟ್ (ವೋಲ್ಟೇಜಿನಿಂದ ಆನ್ ಆಫ್ ಆಗುವ ಟ್ರಾನ್ಸಿಸ್ಟರ್) ಇರುವ ಪುಟ್ಟ ನಾಲ್ಕು ಚಾನೆಲ್ ಮಾಡ್ಯೂಲ್. ಒಂದು ಮಾಡ್ಯೂಲ್ ತಂದು ಎಲ್ಲದಕ್ಕೂ ಅದನ್ನೇ ಬಳಸುವ ಅಭ್ಯಾಸದಿಂದಲೇ ಅರ್ಧಕ್ಕರ್ಧ ತೊಂದರೆ ಹುಟ್ಟುತ್ತದೆ.

ಎಚ್‌ಸಿ, ಎಚ್‌ಸಿಟಿ ಎರಡೂ ಬೇರೆ ಬೇರೆ. 74ಎಚ್‌ಸಿ125 ಅನ್ನು 5 ವೋಲ್ಟಿಗೆ ಹಾಕಿದರೆ ಅದು 3.5 ಕೇಳುತ್ತದೆ, 74ಎಚ್‌ಸಿಟಿ125 ಬರೀ 2.0 ಕೇಳುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ‘125 ಐಸಿ ಕೊಡಿ’ ಎಂದರೆ ಎರಡರಲ್ಲಿ ಯಾವುದೂ ಬರಬಹುದು. ಚಿಪ್ಪಿನ ಬೆನ್ನ ಮೇಲೆ ‘ಟಿ’ ಅಕ್ಷರ ಇದೆಯೇ ಎಂದು ಓದಿ ನೋಡಿಯೇ ದುಡ್ಡು ಕೊಡಿ.

ಕೈಯಲ್ಲಿ ಏನಿರಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್, 1ಕೆ, 2ಕೆ, 2.2ಕೆ, 4.7ಕೆ, 10ಕೆ ರೆಸಿಸ್ಟರ್‌ಗಳು (ಕೆ ಎಂದರೆ ಸಾವಿರ ಓಮ್) ಒಂದೆರಡು ಹಿಡಿ, 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ನಾಲ್ಕಾರು, ಗಿಡ್ಡ ಜಂಪರ್ ತಂತಿಗಳು. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೀಟರಿನಿಂದಲೇ ಬಹುಪಾಲು ದೋಷ ಸಿಗುತ್ತದೆ. ಸ್ಕೋಪ್ ಪ್ರೋಬನ್ನು 10 ಪಟ್ಟು (10X) ಸ್ಥಾನದಲ್ಲಿಡಿ. 1 ಪಟ್ಟಿನಲ್ಲಿ (1X) ಪ್ರೋಬ್ ಸುಮಾರು 100 ಪಿಕೋಫ್ಯಾರಡ್ ಭಾರ ಹೇರುತ್ತದೆ, ಸಿಗ್ನಲ್ಲನ್ನು ನೀವೇ ಕೆಡಿಸಿದಂತೆ. ಅಗ್ಗದ ಲಾಜಿಕ್ ಅನಲೈಸರ್‌ ಮೇಲೆ ಈ ಕೆಲಸದಲ್ಲಿ ಭಾರ ಹಾಕಬೇಡಿ: ಅದು ಸಿಗ್ನಲ್ಲನ್ನು 0 ಅಥವಾ 1 ಎಂದಷ್ಟೇ ತೋರಿಸುತ್ತದೆ, ನಡುವೆ 1.7 ವೋಲ್ಟಿನಲ್ಲಿ ನೇತಾಡುವ ತಂತಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಅಳತೆಯ ಕ್ರಮ

1. ಸಪ್ಲೈ ತೆಗೆದು, ಎರಡೂ ಬೋರ್ಡ್‌ಗಳ ಗ್ರೌಂಡ್ ಮತ್ತು ಶಿಫ್ಟರಿನ ಗ್ರೌಂಡ್ ಒಂದೇ ಎಂದು ಮೀಟರಿನ ಬೀಪ್‌ನಿಂದ ಖಚಿತ ಮಾಡಿಕೊಳ್ಳಿ. ಬ್ರೆಡ್‌ಬೋರ್ಡಿನ ಉದ್ದದ ಗೆರೆ ಕೆಲವು ಬೋರ್ಡುಗಳಲ್ಲಿ ನಡುವೆ ಕತ್ತರಿಸಿರುತ್ತದೆ, ಅದನ್ನೂ ನೋಡಿ. ಪಿನ್ನಿನ ಮೇಲೆ ತಂತಿ ಇಟ್ಟು ನೋಡುವುದಕ್ಕಿಂತ ಚಿಪ್ಪಿನ ಕಾಲಿನ ಮೇಲೆಯೇ ಪ್ರೋಬ್ ಇಡಿ. ಶಿಫ್ಟರ್ ಮಾಡ್ಯೂಲಿಗೆ ಹೆಡರ್ ಪಿನ್‌ಗಳನ್ನು ಬೆಸುಗೆ ಹಾಕದೆ ಸುಮ್ಮನೆ ತೂರಿಸಿಟ್ಟರೆ ಒಂದು ಗಳಿಗೆ ತಾಗುತ್ತದೆ, ಇನ್ನೊಂದು ಗಳಿಗೆ ಬಿಡುತ್ತದೆ.

2. ಸಪ್ಲೈ ಕೊಟ್ಟು, ಎರಡು ಬೋರ್ಡ್‌ಗಳ ಗ್ರೌಂಡಿನ ನಡುವೆ ಮಿಲಿವೋಲ್ಟ್ ಅಳೆಯಿರಿ. ಮೋಟಾರ್, ರಿಲೇ, ಎಲ್‌ಇಡಿ ಪಟ್ಟಿ ಇದ್ದರೆ ಅವು ಓಡುತ್ತಿರುವಾಗಲೇ ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 300 ಕಂಡರೆ, ಮೇಲೆ ಹೇಳಿದ ಆ 0.3 ವೋಲ್ಟಿನ ಉಳಿತಾಯ ಅಲ್ಲೇ ಮುಗಿಯಿತು. ಭಾರದ ಕರೆಂಟ್ ಹೋಗುವ ಗ್ರೌಂಡ್ ತಂತಿಯನ್ನೂ ಸಿಗ್ನಲ್ ಗ್ರೌಂಡನ್ನೂ ಬೇರೆ ಮಾಡಿ ಸಪ್ಲೈ ಬುಡದಲ್ಲಿ ಮಾತ್ರ ಸೇರಿಸಿ.

3. ಶಿಫ್ಟರಿನ ಎಲ್‌ವಿ (ಕಡಿಮೆ ವೋಲ್ಟ್) ಮತ್ತು ಎಚ್‌ವಿ (ಹೆಚ್ಚು ವೋಲ್ಟ್) ಸಪ್ಲೈ ಪಿನ್‌ಗಳನ್ನು ಅಳೆಯಿರಿ. 3.3 ಮತ್ತು 5 ಇರಲೇಬೇಕು. 3.3 ಎಲ್ಲಿಂದ ಬರುತ್ತಿದೆ ಎಂದೂ ನೋಡಿ. ಯುನೊದ 3.3 ವೋಲ್ಟ್ ಪಿನ್ 50 ಮಿಲಿಆಂಪ್ ಮಾತ್ರ ಕೊಡುತ್ತದೆ, ವೈಫೈ ಹಚ್ಚುವ ಇಎಸ್‌ಪಿ32ಕ್ಕೆ ಅದು ಏನೇನೂ ಸಾಲದು.

4. ಎರಡೂ ಕಡೆ ಏನೂ ಕಳಿಸದೆ, ಪ್ರತಿ ಚಾನೆಲ್ಲಿನ ಎರಡೂ ಬದಿಯ ವೋಲ್ಟೇಜ್ ಬರೆದುಕೊಳ್ಳಿ. ಸೀರಿಯಲ್ ಮತ್ತು ಐ2ಸಿ ತಂತಿಗಳು ಸುಮ್ಮನಿರುವಾಗ ‘ಹೈ’ ಇರಬೇಕು.

5. ಕಳಿಸುವ ಬೋರ್ಡಿಗೆ ಒಂದು ಚಿಕ್ಕ ಪ್ರೋಗ್ರಾಂ ಹಾಕಿ: ಆ ಪಿನ್ 3 ಸೆಕೆಂಡ್ ‘ಹೈ’, 3 ಸೆಕೆಂಡ್ ‘ಲೋ’. ಐ2ಸಿ ಲೈಬ್ರರಿ, ಸೀರಿಯಲ್ ಯಾವುದೂ ಬೇಡ. ಐ2ಸಿ ತಂತಿಯಾದರೆ ಪಿನ್ನನ್ನು ‘ಹೈ’ ತಳ್ಳಬೇಡಿ. ‘ಲೋ’ಗೆ ಔಟ್‌ಪುಟ್, ‘ಹೈ’ಗೆ ಇನ್‌ಪುಟ್ ಮಾಡಿ ಬಿಟ್ಟುಬಿಡಿ. ಆ ಕಡೆಯ ಬದಿಯಲ್ಲಿ ಮೀಟರ್ ಹಿಡಿದರೆ ಅಂಕಿ ನಿಲ್ಲುವಷ್ಟು ಸಮಯವಿರುತ್ತದೆ. ಇಲ್ಲೇ ಸರಿಯಿಲ್ಲದಿದ್ದರೆ ವೋಲ್ಟೇಜ್ ದೋಷ. ಇಲ್ಲಿ ಸರಿಯಿದ್ದು ನಿಜವಾದ ಡೇಟಾ ಹರಿದಾಗ ಕೆಟ್ಟರೆ ಅದು ವೇಗದ ದೋಷ. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

6. ಸೀರಿಯಲ್ ತಂತಿಯ ವೇಗದ ಪರೀಕ್ಷೆಗೆ ಸ್ಕೋಪ್ ಬೇಕಿಲ್ಲ. ಇಂಗ್ಲಿಷಿನ ದೊಡ್ಡ ‘ಯು’ ಅಕ್ಷರವನ್ನು ಬಿಡುವಿಲ್ಲದೆ ಕಳಿಸುತ್ತಿರಿ. ಅದರ ಬಿಟ್‌ಗಳು ಒಂದು ಬಿಟ್ಟು ಒಂದು 0, 1 ಇರುವುದರಿಂದ ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿ ತಂತಿಯ ಮೇಲೆ ಸಮನಾದ ಚೌಕಾಕಾರದ ಅಲೆ ಆಗುತ್ತದೆ. ಮೀಟರಿನ ಡಿಸಿ ಅಳತೆ 5 ವೋಲ್ಟ್ ಬದಿಯಲ್ಲಿ 2.5, 3.3 ಬದಿಯಲ್ಲಿ 1.65ರ ಹತ್ತಿರ ನಿಲ್ಲಬೇಕು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಸರಿ ಬಂದು, 115200ಕ್ಕೆ ಏರಿಸಿದಾಗ ಕೆಳಕ್ಕೆ ಜಾರಿದರೆ, ತಂತಿ ಮೇಲೇರಲು ತಡಮಾಡುತ್ತಿದೆ ಎಂದರ್ಥ.

ಬಿಎಸ್‌ಎಸ್138 ಮಾಡ್ಯೂಲ್: ಒಂದೊಂದು ಅಳತೆ ಹೇಳುವುದೇನು

ಒಂದು ಚಾನೆಲ್ಲಿಗೆ ಒಂದು ಮಾಸ್ಫೆಟ್, ಎರಡು 10ಕೆ ರೆಸಿಸ್ಟರ್, ಇಷ್ಟೇ ಇರುವುದು. ಮಾಸ್ಫೆಟ್ಟಿನ ಮೂರು ಕಾಲುಗಳಲ್ಲಿ ಗೇಟ್ ಎಲ್‌ವಿಗೆ, ಸೋರ್ಸ್ 3.3ರ ಬದಿಗೆ, ಡ್ರೇನ್ 5ರ ಬದಿಗೆ. 3.3ರ ಬದಿ ಕೆಳಗೆಳೆದರೆ ಗೇಟಿಗೂ ಸೋರ್ಸಿಗೂ 3.3 ವೋಲ್ಟ್ ಅಂತರ ಹುಟ್ಟಿ ಮಾಸ್ಫೆಟ್ ತೆರೆದುಕೊಳ್ಳುತ್ತದೆ (ಕರೆಂಟ್ ಹರಿಯಬಿಡುತ್ತದೆ), 5ರ ಬದಿಯೂ ಕೆಳಗಿಳಿಯುತ್ತದೆ. 5ರ ಬದಿ ಕೆಳಗೆಳೆದರೆ ಮೊದಲು ಮಾಸ್ಫೆಟ್ಟಿನ ಒಳಗಿನ ಡಯೋಡ್ ಸೋರ್ಸನ್ನು ಕೆಳಗೆಳೆಯುತ್ತದೆ, ಆಗ ಮಾಸ್ಫೆಟ್ ತೆರೆದು ಉಳಿದ ಕೆಲಸ ಮುಗಿಸುತ್ತದೆ. ಯಾರೂ ಎಳೆಯದಿದ್ದಾಗ ಎರಡೂ ಬದಿ ತಂತಮ್ಮ 10ಕೆ ಮೂಲಕ ತಂತಮ್ಮ ಸಪ್ಲೈಗೆ ಏರುತ್ತವೆ. ದಿಕ್ಕು ಹೇಳುವ ಪಿನ್ನೇ ಬೇಡದ ಈ ಜೋಡಣೆ ನಿಜಕ್ಕೂ ಚಂದದ್ದು.

ಈಗ ನಾಲ್ಕನೆಯ ಹೆಜ್ಜೆಯಲ್ಲಿ ಬರೆದುಕೊಂಡ ಅಳತೆಗಳನ್ನು ಓದೋಣ. 3.3ರ ಬದಿಯಲ್ಲಿ 3.3, 5ರ ಬದಿಯಲ್ಲಿ 5 ಇದ್ದರೆ ಸರಿ. 5ರ ಬದಿಯಲ್ಲಿ 3ಕ್ಕಿಂತ ತುಸು ಕಡಿಮೆ ಕಂಡರೆ ಎಚ್‌ವಿ ತಂತಿ ಬಿಟ್ಟುಹೋಗಿದೆ. ಅಲ್ಲಿ ಕಾಣುತ್ತಿರುವುದು ಒಳಗಿನ ಡಯೋಡ್ ಮೂಲಕ 3.3ರಿಂದ ಸೋರಿ ಬಂದ ವೋಲ್ಟೇಜ್. 5ರ ಬದಿಯಲ್ಲಿ 5 ಇದ್ದು 3.3ರ ಬದಿಯಲ್ಲಿ 0 ಇದ್ದರೆ ಎಲ್‌ವಿಗೆ ಸಪ್ಲೈ ಇಲ್ಲ. 3.3ರ ಬದಿಯಲ್ಲಿ 3.8ರ ಆಸುಪಾಸು ಕಂಡರೆ ತಕ್ಷಣ ಸಪ್ಲೈ ತೆಗೆಯಿರಿ: ಎಲ್‌ವಿ, ಎಚ್‌ವಿ ಅದಲುಬದಲಾಗಿವೆ. ಆಗ 5 ವೋಲ್ಟ್ ಒಂದು 10ಕೆ, ಡಯೋಡ್, ಇನ್ನೊಂದು 10ಕೆ ದಾಟಿ 3.3ರ ಕಡೆಗೆ ಹರಿಯುತ್ತಿರುತ್ತದೆ. ಡಯೋಡ್ ಸುಮಾರು 0.6 ನುಂಗಿ, ಉಳಿದ 1.1ರಲ್ಲಿ ಅರ್ಧ ಒಂದೊಂದು ರೆಸಿಸ್ಟರಿಗೆ ಹೋದರೆ 3.3ರ ಮೇಲೆ 0.55 ಸೇರುತ್ತದೆ. ಕರೆಂಟ್ ಮೈಕ್ರೋಆಂಪ್‌ಗಳಲ್ಲಿ ಇರುವುದರಿಂದ ಸಾಮಾನ್ಯವಾಗಿ ಚಿಪ್ ಬದುಕಿಕೊಳ್ಳುತ್ತದೆ.

ಈ ಮಾಡ್ಯೂಲನ್ನು ಕೈಯಲ್ಲೇ ಕಟ್ಟುವವರು 2ಎನ್7000 ಮಾಸ್ಫೆಟ್ ಬಳಸಲು ಹೋಗುತ್ತಾರೆ. ಅದರ ತೆರೆಯುವ ವೋಲ್ಟೇಜ್ 0.8ರಿಂದ 3 ವೋಲ್ಟ್‌ವರೆಗೆ ಎಲ್ಲಾದರೂ ಇರಬಹುದು, 3.3ರ ಗೇಟಿಗೆ ಅದು ಜೂಜಾಟ. ಬಿಎಸ್‌ಎಸ್138ದು ಗರಿಷ್ಠ 1.5. ಎಲ್‌ವಿ 1.8 ವೋಲ್ಟ್ ಇರುವ ಬೋರ್ಡಿಗೆ ಬಿಎಸ್‌ಎಸ್138 ಕೂಡ ಅಂಚಿನಲ್ಲೇ ನಿಂತಿರುತ್ತದೆ.

ಇಎಸ್‌ಪಿ32ಕ್ಕೆ ಸಂಬಂಧಿಸಿದ ಒಂದು ತೊಂದರೆ ಇಲ್ಲಿಯೇ ಹೇಳಬೇಕು. ಮಾಡ್ಯೂಲಿನ 10ಕೆ ಪುಲ್-ಅಪ್ ಜಿಪಿಐಒ12 ಎಂಬ ಪಿನ್ನಿಗೆ ಬಿದ್ದರೆ ಬೋರ್ಡ್ ಬೂಟ್ ಆಗುವುದೇ ಇಲ್ಲ. ಆನ್ ಆಗುವ ಕ್ಷಣದಲ್ಲಿ ಆ ಪಿನ್ ‘ಹೈ’ ಇದ್ದರೆ ಚಿಪ್ ತನ್ನ ಫ್ಲಾಶ್ ಮೆಮೊರಿಗೆ 1.8 ವೋಲ್ಟ್ ಆರಿಸಿಕೊಳ್ಳುತ್ತದೆ. ಒಳಗಿನ ದುರ್ಬಲ ಪುಲ್-ಡೌನ್ 10ಕೆ ಎದುರು ಸೋಲುತ್ತದೆ. ಜಿಪಿಐಒ2ಕ್ಕೆ ಪುಲ್-ಅಪ್ ಬಿದ್ದರೆ ಪ್ರೋಗ್ರಾಂ ಅಪ್‌ಲೋಡ್ ಆಗದೆ ಕಾಡುತ್ತದೆ. 34, 35, 36, 39ರಿಂದ ಸಿಗ್ನಲ್ ಕಳಿಸಲು ಹೋದರೆ ಏನೂ ಹೊರಬರುವುದಿಲ್ಲ, ಅವು ಇನ್‌ಪುಟ್ ಮಾತ್ರ. ಶಿಫ್ಟರಿಗೆ 16, 17, 18, 19, 21, 22, 23 ಇವುಗಳಲ್ಲಿ ಬಿಡುವಿದ್ದನ್ನು ಕೊಡಿ.

ಐ2ಸಿ: ಪುಲ್-ಅಪ್ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಇಎಸ್‌ಪಿ32ಕ್ಕೆ 16 ಅಕ್ಷರ 2 ಸಾಲಿನ ಎಲ್‌ಸಿಡಿ ಜೋಡಿಸುವುದು ಬಹಳ ಸಾಮಾನ್ಯ. ಅದರ ಬೆನ್ನಿಗಿರುವ ಪಿಸಿಎಫ್8574 ಬೋರ್ಡ್ 5 ವೋಲ್ಟಿನಲ್ಲಿ ಓಡುತ್ತದೆ, 3.5 ಕೇಳುತ್ತದೆ, ಸಾಲದ್ದಕ್ಕೆ ಅದರ ಮೇಲಿನ 4.7ಕೆ ಪುಲ್-ಅಪ್‌ಗಳು ನಿಮ್ಮ ತಂತಿಯನ್ನು 5 ವೋಲ್ಟಿಗೆ ಎಳೆಯುತ್ತವೆ. ನೇರ ಜೋಡಿಸಿದರೆ ಇಎಸ್‌ಪಿ32ದ ಪಿನ್ 4.7ಕೆ ಮೂಲಕ 5 ವೋಲ್ಟಿಗೆ ಅಂಟಿಕೊಂಡಿರುತ್ತದೆ. ನಡುವೆ ಬಿಎಸ್‌ಎಸ್138 ಮಾಡ್ಯೂಲ್ ಇಡಿ.

ಈಗ ಒಟ್ಟು ಪುಲ್-ಅಪ್ ಲೆಕ್ಕ ಹಾಕಿ. 5ರ ಬದಿಯಲ್ಲಿ ಮಾಡ್ಯೂಲಿನ 10ಕೆ, ಎಲ್‌ಸಿಡಿಯ 4.7ಕೆ ಸಮಾಂತರವಾಗಿ 3.2ಕೆ ಆಗುತ್ತದೆ. 3.3ರ ಬದಿಯಲ್ಲಿ 4.7ಕೆ ಇರುವ ಒಂದು ಸೆನ್ಸರ್ ಇದ್ದರೆ ಅಲ್ಲೂ 3.2ಕೆ. ಸೆನ್ಸರ್ ತಂತಿಯನ್ನು ಕೆಳಗೆಳೆದಾಗ ಎರಡೂ ಬದಿಯ ಕರೆಂಟ್ ಅದರ ಪಿನ್ನಿಗೇ ಬರುತ್ತದೆ: 1.56 ಮತ್ತು 1.03, ಒಟ್ಟು 2.6 ಮಿಲಿಆಂಪ್. ಐ2ಸಿ ನಿಯಮ ಖಾತರಿ ಕೊಡುವುದು 0.4 ವೋಲ್ಟಿನಲ್ಲಿ 3 ಮಿಲಿಆಂಪ್‌ಗೆ. ಅಂಥದೇ ಇನ್ನೊಂದು ಸೆನ್ಸರ್ ಸೇರಿಸಿದಿರೆಂದರೆ ಸುಮಾರು 3.3 ಮಿಲಿಆಂಪ್ ಆಗಿ ಆ ಮಿತಿ ದಾಟಿತು. ‘ಎರಡಿದ್ದಾಗ ಸರಿಯಿತ್ತು, ಮೂರನೆಯದು ಹಾಕಿದ ಕೂಡಲೇ ಎಲ್ಲವೂ ಮಾಯ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಹೆಚ್ಚುವರಿ ಸೆನ್ಸರ್ ಬೋರ್ಡಿನ ಪುಲ್-ಅಪ್ ರೆಸಿಸ್ಟರ್‌ಗಳನ್ನು ಬೆಸುಗೆ ಕಡ್ಡಿಯಿಂದ ಎತ್ತಿಬಿಡಿ. ಸಪ್ಲೈ ತೆಗೆದು ಡೇಟಾ ತಂತಿಯಿಂದ ಆ ಬದಿಯ ಸಪ್ಲೈಗೆ ಓಮ್ ಅಳೆದರೆ ಒಟ್ಟು ಪುಲ್-ಅಪ್ ಎಷ್ಟೆಂದು ಸುಮಾರಾಗಿ ಗೊತ್ತಾಗುತ್ತದೆ.

ತಂತಿ ಉದ್ದವಾದಾಗ ಕಷ್ಟ ತಿರುಗುಮುರುಗಾಗುತ್ತದೆ. ಮಾಮೂಲಿ ಜೋಡಿ ತಂತಿಗೆ ಮೀಟರಿಗೆ ಸುಮಾರು 50ರಿಂದ 100 ಪಿಕೋಫ್ಯಾರಡ್ ಇರುತ್ತದೆ. ಏರಲು ಹಿಡಿಯುವ ಸಮಯ 0.85 × ರೆಸಿಸ್ಟರ್ × ಕೆಪಾಸಿಟನ್ಸ್. 10ಕೆ, 100 ಪಿಕೋಫ್ಯಾರಡ್ ಇದ್ದರೆ 850 ನ್ಯಾನೋಸೆಕೆಂಡ್. 100 ಕಿಲೋಹರ್ಟ್ಸ್ ಬಸ್ಸಿಗೆ (ಐ2ಸಿಯ ಆ ಎರಡು ತಂತಿಗಳಿಗೆ) ಮಿತಿ 1000, ಆದ್ದರಿಂದ ಪಾಸ್. 400 ಕಿಲೋಹರ್ಟ್ಸ್‌ಗೆ ಮಿತಿ 300, ಅಲ್ಲಿ ಫೇಲ್. 2.2ಕೆ ಹಾಕಿದರೆ 187ಕ್ಕೆ ಇಳಿಯುತ್ತದೆ. ಅದಕ್ಕೂ ಮೊದಲು ಬಸ್ಸನ್ನು 100ಕ್ಕೆ ಇಳಿಸಿ ನೋಡಿ. ಎಲ್‌ಸಿಡಿಗೆ 400 ಯಾಕೆ ಬೇಕು?

ಯುನೊಗೆ ಒಂದು ಮಾತು: ಅದರ ವೈರ್ ಲೈಬ್ರರಿ ಶುರುವಾದ ಕೂಡಲೇ ಚಿಪ್ಪಿನ ಒಳಗಿನ ಪುಲ್-ಅಪ್‌ಗಳನ್ನು ಆನ್ ಮಾಡುತ್ತದೆ. 3.3ರ ಸೆನ್ಸರನ್ನು ನೇರ ಜೋಡಿಸಿದವರ ತಂತಿಗೆ ಅಲ್ಲಿಂದ 5 ವೋಲ್ಟ್ ಸಣ್ಣಗೆ ಸೋರುತ್ತಿರುತ್ತದೆ.

ತಾನೇ ದಿಕ್ಕು ಹಿಡಿಯುವ ಚಿಪ್‌ಗಳು

ಟಿಎಕ್ಸ್‌ಬಿ0108, ಟಿಎಕ್ಸ್‌ಎಸ್0108ಇ ಎರಡೂ ಒಂದೇ ರೀತಿಯ ಬೋರ್ಡಿನ ಮೇಲೆ ಬರುತ್ತವೆ, ಹೆಸರಿನಲ್ಲಿ ಒಂದೆರಡು ಅಕ್ಷರ ಬೇರೆ, ಕೆಲಸ ಪೂರ್ತಿ ಬೇರೆ. ಟಿಎಕ್ಸ್‌ಬಿ ಪುಶ್-ಪುಲ್ ಸಿಗ್ನಲ್ಲಿಗೆ ಮಾತ್ರ. ಸ್ಥಿರ ಸ್ಥಿತಿಯಲ್ಲಿ ಅದು ತಂತಿಯನ್ನು ಹಿಡಿಯುವುದು ಸುಮಾರು 4ಕೆ ಮೂಲಕ, ಬಲ ಅಷ್ಟೇ. ಐ2ಸಿಯ 4.7ಕೆ ಪುಲ್-ಅಪ್ ಎದುರು ಅದು ‘ಲೋ’ ಹಿಡಿಯಲು ಹೋದರೆ ತಂತಿ 3.3 × 4 / 8.7, ಅಂದರೆ 1.5 ವೋಲ್ಟಿನಲ್ಲಿ ನಿಲ್ಲುತ್ತದೆ. ಇಎಸ್‌ಪಿ32ಕ್ಕೆ ‘ಲೋ’ ಎಂದರೆ 0.83ಕ್ಕಿಂತ ಕೆಳಗೆ. ಐ2ಸಿ ಸ್ಕ್ಯಾನಿನಲ್ಲಿ (ತಂತಿಗೆ ಸೇರಿದ ಸಾಧನಗಳನ್ನು ಹುಡುಕುವ ಪ್ರೋಗ್ರಾಂ) ಏನೂ ಸಿಗುವುದಿಲ್ಲ. ಐದನೆಯ ಹೆಜ್ಜೆಯಲ್ಲಿ ‘ಲೋ’ ಹೊತ್ತಿಗೆ 1.5 ಕಂಡರೆ ಚಿಪ್ಪಿನ ಹೆಸರನ್ನು ಭೂತಗನ್ನಡಿಯಲ್ಲಿ ಓದಿ.

ಟಿಎಕ್ಸ್‌ಎಸ್0108ಇ ಐ2ಸಿಗೂ ಆದೀತು, ಪುಲ್-ಅಪ್ ಅದರೊಳಗೇ ಇದೆ. ಇದಕ್ಕೆ ಮೂರು ಷರತ್ತು. ಎ ಬದಿಯ ಸಪ್ಲೈ ಬಿ ಬದಿಯದನ್ನು ಮೀರಬಾರದು, ಎ ಬದಿಗೆ 3.6ಕ್ಕಿಂತ ಹೆಚ್ಚು ಕೊಡಬಾರದು. ಚಾನೆಲ್‌ಗಳನ್ನು ಆನ್ ಮಾಡುವ ಒಇ ಪಿನ್ ಎ ಬದಿಯ ಸಪ್ಲೈಗೆ ಸೇರಿರಬೇಕು, ತೇಲುತ್ತಿದ್ದರೆ ಚಾನೆಲ್‌ಗಳು ಮನಸ್ಸು ಬಂದಂತೆ ಆನ್ ಆಫ್ ಆಗುತ್ತವೆ. ತಂತಿ ಗಿಡ್ಡವಿರಬೇಕು. ಮೂರನೆಯದನ್ನೇ ಎಲ್ಲರೂ ಮರೆಯುವುದು. ಈ ಚಿಪ್ ಏರುವ ಅಂಚನ್ನು ಕಂಡ ಕೂಡಲೇ ಕ್ಷಣಕಾಲ ಜೋರಾಗಿ ತಳ್ಳುತ್ತದೆ. 30 ಸೆಂಟಿಮೀಟರ್ ಜಂಪರ್ ತಂತಿಯ ಆ ತುದಿಯಿಂದ ಅಲೆ ಮರಳಿ ಬಂದರೆ ಅದನ್ನು ಹೊಸ ಅಂಚು ಎಂದು ತಿಳಿದು ಮತ್ತೆ ತಳ್ಳುತ್ತದೆ. ಸ್ಕೋಪಿನಲ್ಲಿ ತಂತಿ ನಡುಗುವುದು ಕಾಣುತ್ತದೆ, ಪ್ರೋಬ್ ಇಟ್ಟ ಕ್ಷಣ ಸರಿಹೋಗುವುದೂ ಉಂಟು. 10 ಸೆಂಟಿಮೀಟರಿಗೆ ತಂತಿ ಇಳಿಸಿ, ಎರಡೂ ಸಪ್ಲೈ ಪಿನ್‌ಗಳ ಬುಡದಲ್ಲಿ 100 ನ್ಯಾನೋಫ್ಯಾರಡ್ ಹಾಕಿ.

ಎಲ್‌ಇಡಿ ಪಟ್ಟಿಗೆ ಬಿಎಸ್‌ಎಸ್138 ಏಕೆ ಸೋಲುತ್ತದೆ

ಡಬ್ಲ್ಯುಎಸ್2812ಬಿಯಲ್ಲಿ ಒಂದು ಬಿಟ್ 1.25 ಮೈಕ್ರೋಸೆಕೆಂಡ್. ‘0’ ಎಂದರೆ 0.4 ಮೈಕ್ರೋಸೆಕೆಂಡ್ ‘ಹೈ’, ‘1’ ಎಂದರೆ 0.8. ಬಿಎಸ್‌ಎಸ್138 ಮೂಲಕ ಹೋದ ಪಲ್ಸನ್ನು ಹತ್ತಿರದಿಂದ ನೋಡಿ. ಇಎಸ್‌ಪಿ32 ‘ಹೈ’ ಮಾಡಿದ ಕೂಡಲೇ ಡಯೋಡ್ ಮೂಲಕ 5ರ ಬದಿ ಥಟ್ಟನೆ 2.7ರವರೆಗೆ ಏರುತ್ತದೆ. ಅಲ್ಲಿಂದ ಮುಂದೆ ತಳ್ಳುವವರಿಲ್ಲ, 10ಕೆ ಒಂದೇ ನಿಧಾನವಾಗಿ ಎಳೆಯಬೇಕು. ತಂತಿ, ಪಿನ್ ಸೇರಿ 50 ಪಿಕೋಫ್ಯಾರಡ್ ಇದೆಯೆಂದರೆ 3.5 ಮುಟ್ಟಲು ಸುಮಾರು 0.2 ಮೈಕ್ರೋಸೆಕೆಂಡ್ ಬೇಕು. ಇಳಿಯುವಾಗ ತಡವಿಲ್ಲ. ಹೀಗಾಗಿ 0.4ರ ಪಲ್ಸ್ ಎಲ್‌ಇಡಿಗೆ 0.2 ಆಗಿ ಕಾಣುತ್ತದೆ, 0.8ರದು 0.6 ಆಗಿ. ಡೇಟಾಶೀಟ್ ಒಪ್ಪುವ ಏರುಪೇರು 0.15 ಮಾತ್ರ. ಬಣ್ಣ ತಪ್ಪುವುದು, ಮಿಣುಕುವುದು ಇದರಿಂದ. ಕೆಲವು ಮೆಗಾಹರ್ಟ್ಸ್ ವೇಗದ ಎಸ್‌ಪಿಐಗೂ ಈ ಮಾಡ್ಯೂಲ್ ಇದೇ ಕಾರಣಕ್ಕೆ ಬೇಡ.

ಇಲ್ಲಿ 74ಎಎಚ್‌ಸಿಟಿ125 ಹಾಕಿ. 14ನೇ ಕಾಲಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್, ನಡುವೆ 100 ನ್ಯಾನೋಫ್ಯಾರಡ್. 2ಕ್ಕೆ ಇಎಸ್‌ಪಿ32ದ ಡೇಟಾ, 3ರಿಂದ 330 ಓಮ್ ಮೂಲಕ ಪಟ್ಟಿಗೆ. 1ನೇ ಕಾಲು ಗ್ರೌಂಡಿಗೆ ಹೋಗಲೇಬೇಕು, ಅದೇ ಈ ಗೇಟನ್ನು ತೆರೆಯುವುದು. ‘ಚಿಪ್ ಸತ್ತಿದೆ’ ಎಂದವರಲ್ಲಿ ಹಲವರು ಈ ಕಾಲನ್ನು ಬಿಟ್ಟಿರುತ್ತಾರೆ. ಬಳಸದ 5, 9, 12ನೇ ಕಾಲುಗಳನ್ನೂ ಗ್ರೌಂಡಿಗೆ ಸೇರಿಸಿ. ಚಿಪ್ ಸಿಗುವವರೆಗೆ ತುರ್ತಿಗೆ ಒಂದು ಉಪಾಯವಿದೆ: ಮೊದಲನೆಯ ಎಲ್‌ಇಡಿಗೆ ಮಾತ್ರ 1ಎನ್4007 ಡಯೋಡ್ ಮೂಲಕ ಸಪ್ಲೈ ಕೊಟ್ಟರೆ ಅದು 4.3ರಲ್ಲಿ ಓಡಿ 3.0 ಕೇಳುತ್ತದೆ, ಮುಂದಿನದಕ್ಕೆ 4.3 ಕಳಿಸುತ್ತದೆ.

ಎರಡು ರೆಸಿಸ್ಟರಿನ ಜೋಡಿ

ಶಬ್ದದಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಎಕೋ ಪಿನ್ನಿನಂಥ ನಿಧಾನದ 5 ವೋಲ್ಟ್ ಸಿಗ್ನಲ್ಲಿಗೆ ಮೇಲೆ 1ಕೆ, ಕೆಳಗೆ 2ಕೆ ಸಾಕು, 3.33 ವೋಲ್ಟ್ ಸಿಗುತ್ತದೆ. ಅಳೆದಾಗ 1.67 ಬಂದರೆ ರೆಸಿಸ್ಟರ್‌ಗಳು ತಿರುಗುಮುರುಗು. ಪೂರ್ತಿ 5 ಬಂದರೆ ಕೆಳಗಿನ ರೆಸಿಸ್ಟರಿನ ಗ್ರೌಂಡ್ ಬಿಟ್ಟಿದೆ, ಪಿನ್ ಅಪಾಯದಲ್ಲಿದೆ. 0 ಬಂದರೆ ಮೇಲಿನದು ತಾಗಿಲ್ಲ.

ಮೊಬೈಲ್ ಸಿಮ್ ಹಾಕುವ ಎಸ್‌ಐಎಂ800ಎಲ್ ಮಾಡ್ಯೂಲಿನ ಲೆಕ್ಕ ಬೇರೆ, ಅದರ ಪಿನ್‌ಗಳು 2.8 ವೋಲ್ಟಿನವು. ಯುನೊದಿಂದ ಅದಕ್ಕೆ ಮೇಲೆ 1ಕೆ, ಕೆಳಗೆ 1.2ಕೆ ಹಾಕಿದರೆ 2.73 ಬರುತ್ತದೆ. ಅದರಿಂದ ಯುನೊಗೆ ಬರುವ 2.8, ಯುನೊ ಕೇಳುವ 3.0ಕ್ಕಿಂತ ಕಡಿಮೆ, ಹೆಚ್ಚಿನ ಬೋರ್ಡ್‌ಗಳಲ್ಲಿ ಓಡುತ್ತದೆ, ಕೆಲವುಗಳಲ್ಲಿ ಮಧ್ಯೆ ಮಧ್ಯೆ ಅಕ್ಷರ ಬೀಳುತ್ತವೆ. ಅಲ್ಲಿ 5 ವೋಲ್ಟಿನ ಎಚ್‌ಸಿಟಿ ಗೇಟ್ ಒಂದನ್ನು ನಡುವೆ ಇಡುವುದೇ ಸರಿಯಾದ ಪರಿಹಾರ. ಕರೆ ಹಚ್ಚುವಾಗ ಈ ಮಾಡ್ಯೂಲ್ 2 ಆಂಪ್‌ವರೆಗೆ ಒಮ್ಮೆಲೇ ಎಳೆಯುವುದರಿಂದ ಗ್ರೌಂಡ್ ತಂತಿ ದಪ್ಪವೂ ಗಿಡ್ಡವೂ ಇರಲಿ.

ಒಂದು ಬೋರ್ಡ್ ಆಫ್, ಇನ್ನೊಂದು ಆನ್

ಇಎಸ್‌ಪಿ32ದ ಸಪ್ಲೈ ತೆಗೆದರೂ ಅದರ ಕೆಂಪು ದೀಪ ಮಂಕಾಗಿ ಉರಿಯುತ್ತಿದ್ದರೆ, ಸಿಗ್ನಲ್ ತಂತಿಯಿಂದಲೇ ಕರೆಂಟ್ ಒಳಗೆ ಹೋಗುತ್ತಿದೆ. ಹಾಗಿರುವಾಗ ಬೋರ್ಡ್ ಅರ್ಧ ಎಚ್ಚರದಲ್ಲಿ ಸಿಕ್ಕಿಕೊಂಡು ರೀಸೆಟ್ ಆಗದೆ ಉಳಿಯುತ್ತದೆ. ಎರಡೂ ಬೋರ್ಡ್‌ಗಳಿಗೆ ಒಂದೇ ಸ್ವಿಚ್ ಕೊಡಿ. ಅದು ಆಗದಿದ್ದರೆ ಪುಶ್-ಪುಲ್ ತಂತಿಗಳಿಗೆ 1ಕೆ ಸರಣಿಯಲ್ಲಿ ಹಾಕಿ, ಸೋರುವ ಕರೆಂಟಿಗೆ ಕಡಿವಾಣ ಬೀಳುತ್ತದೆ.

ಶಿಫ್ಟರ್ ಈಗಾಗಲೇ ಬೋರ್ಡಿನ ಮೇಲೆಯೇ ಇರುವ ಮಾಡ್ಯೂಲ್‌ಗಳಲ್ಲೂ ತೊಂದರೆ ಬರುತ್ತದೆ. ಅಗ್ಗದ ಎಸ್‌ಡಿ ಕಾರ್ಡ್ ಮಾಡ್ಯೂಲ್‌ಗಳಲ್ಲಿ 74ಎಲ್‌ವಿಸಿ125 ಇರುತ್ತದೆ, ಆದರೆ ಹಲವುಗಳಲ್ಲಿ ಅದರ ನಿಯಂತ್ರಣ ಕಾಲುಗಳನ್ನು ಕಾಯಂ ಗ್ರೌಂಡಿಗೆ ಬೆಸೆದಿರುತ್ತಾರೆ. ಕಾರ್ಡನ್ನು ಆರಿಸದಿದ್ದಾಗಲೂ ಅದು ಬೋರ್ಡಿಗೆ ಡೇಟಾ ತರುವ ಮಿಸೋ ತಂತಿಯನ್ನು ಬಿಡುವುದಿಲ್ಲ, ಅದೇ ಎಸ್‌ಪಿಐ ಮೇಲಿನ ರೇಡಿಯೋ ಅಥವಾ ಪರದೆ ಮೂಕವಾಗುತ್ತದೆ. ಕಾರ್ಡ್ ಮಾಡ್ಯೂಲ್ ಕಿತ್ತ ಕೂಡಲೇ ಉಳಿದದ್ದು ಸರಿಹೋದರೆ ದೋಷ ಇದೇ. 3.3ರ ಬೋರ್ಡಿಗೆ ಶಿಫ್ಟರ್ ಇಲ್ಲದ ಸರಳ ಕಾರ್ಡ್ ಸಾಕೆಟ್ಟೇ ಉತ್ತಮ.

ಪಿನ್ ಬದುಕಿದೆಯೇ?

5 ವೋಲ್ಟ್ ತಿಂದ ಪಿನ್ ಬಗ್ಗೆ ಅನುಮಾನವಿದ್ದರೆ ಎಲ್ಲ ತಂತಿಗಳನ್ನೂ ಕಳಚಿ, ಬೋರ್ಡನ್ನು ಒಂಟಿಯಾಗಿ ಆನ್ ಮಾಡಿ. ಪಿನ್ನನ್ನು ಒಳಗಿನ ಪುಲ್-ಅಪ್ ಸಹಿತ ಇನ್‌ಪುಟ್ ಮಾಡಿ ಅಳೆಯಿರಿ, 3.3ರ ಹತ್ತಿರ ಇರಬೇಕು. ಪುಲ್-ಡೌನ್ ಮಾಡಿ, 0ಯ ಹತ್ತಿರ ಇರಬೇಕು. ಆಮೇಲೆ ಔಟ್‌ಪುಟ್ ‘ಹೈ’ ಮಾಡಿ ಪಿನ್ನಿನಿಂದ ಗ್ರೌಂಡಿಗೆ 1ಕೆ ಹಾಕಿ ಅಳೆಯಿರಿ, 3.1ಕ್ಕಿಂತ ಕಡಿಮೆ ಬಂದರೆ ಪಿನ್ ಸೋತಿದೆ. ‘ಲೋ’ ಮಾಡಿ ಅದೇ 1ಕೆಯನ್ನು 3.3ಕ್ಕೆ ಸೇರಿಸಿ, 0.2ಕ್ಕಿಂತ ಮೇಲಿದ್ದರೆ ಕೆಳಗಿನ ಅರ್ಧವೂ ಹೋಗಿದೆ. ಪಕ್ಕದ ಒಳ್ಳೆಯ ಪಿನ್ನಿನ ಮೇಲೆ ಇದೇ ನಾಲ್ಕು ಅಳತೆ ತೆಗೆದು ಹೋಲಿಸಿ ನೋಡಿ, ಆಗ ಸಂಶಯ ಉಳಿಯುವುದಿಲ್ಲ. ಒಂದು ಪಿನ್ ಮಾತ್ರ ಹೋಗಿದ್ದು ಬೋರ್ಡ್ ತಣ್ಣಗಿದ್ದರೆ ಬೇರೆ ಪಿನ್ನಿಗೆ ವರ್ಗಾಯಿಸಿ ಮುಂದುವರಿಯಬಹುದು. ಏನೂ ಜೋಡಿಸದಿದ್ದರೂ ಚಿಪ್ ಬೆರಳಿಗೆ ಸುಡುವಷ್ಟು ಬಿಸಿಯಾಗುತ್ತಿದ್ದರೆ ಆ ಬೋರ್ಡನ್ನು ಪಕ್ಕಕ್ಕಿಡಿ.